ದೊಡ್ಡಮಾದಮ್ಮನ ಬಾಯಾರಿಕೆ

ಚಾಮರಾಜನಗರದ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ನಾನು ಜೆರಾಕ್ಸ್ ಮಾಡುವುದಕ್ಕಿಂತ ಹೆಚ್ಚಾಗಿ ಜನರ ಅರ್ಜಿ ತುಂಬಿಕೊಡುತ್ತೇನೆ, ಅರ್ಜಿಯ ಜೊತೆಗೆ ಯಾರೂ ಕೇಳದ ಸಲಹೆಯನ್ನೂ ಕೊಡುತ್ತೇನೆ. ಅರ್ಜಿಗೆ ಶುಲ್ಕವುಂಟು, ಸಲಹೆ ಪುಕ್ಕಟೆ. ಪುಕ್ಕಟೆಯಾದ್ದರಿಂದಲೋ ಏನೋ, ಹೆಚ್ಚಿನವರು ಅದನ್ನು ಕೌಂಟರಿನ ಮೇಲೆಯೇ ಮರೆತು ಹೋಗುತ್ತಾರೆ.

ಮರೆಯದೆ ತೆಗೆದುಕೊಂಡು ಹೋದವಳು ಉಮ್ಮತ್ತೂರಿನ ಶಿವರಂಜಿನಿ ಒಬ್ಬಳೇ. ಬಿ.ಕಾಂ. ಮಾಡಿದ ಹುಡುಗಿ. ಬಂಡೀಪುರದ ಸಫಾರಿ ಟಿಕೆಟ್ ಕೌಂಟರಿನಲ್ಲಿ ಗುತ್ತಿಗೆ ಕೆಲಸವೊಂದಿದೆ, ಹಾಕಿ ನೋಡು ಎಂದೆ. ಹಾಕಿದಳು. ಮೇ ತಿಂಗಳ ಕೊನೆಗೆ ಕೆಲಸವೂ ಸಿಕ್ಕಿತು. ಆದೇಶವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದುಕೊಟ್ಟೆ. ನನ್ನ ಸಲಹೆಯಿಂದ ಒಬ್ಬರಿಗೆ ಒಳ್ಳೆಯದಾದದ್ದು ಅದೇ ಮೊದಲಾದ್ದರಿಂದ ಬಣ್ಣದ ದುಡ್ಡು ಕೇಳಲಿಲ್ಲ. ಕೆಲಸ ಒಪ್ಪಿದ್ದೇನೆ ಎಂಬ ಉತ್ತರವನ್ನೂ ನನ್ನ ಅಂಗಡಿಯಿಂದಲೇ ಕಳಿಸಿದಳು.

ಕಳಿಸಿದ ಮೇಲೆ ತೊಡಕು ಗೊತ್ತಾಯಿತು. ಸಿಬ್ಬಂದಿಯ ಜೀಪು ಗುಂಡ್ಲುಪೇಟೆಯಿಂದ ಬೆಳಿಗ್ಗೆ ಐದೂವರೆಗೆ ಹೊರಡುತ್ತದೆ. ಆ ಹೊತ್ತಿಗೆ ಉಮ್ಮತ್ತೂರಿನಲ್ಲಿ ಬಸ್ಸಿರಲಿ, ಬಸ್ಸಿನ ಸದ್ದೂ ಇರುವುದಿಲ್ಲ. ಸೋಮವಾರ ಹಾಜರಾಗಬೇಕು. ಅಂದರೆ ಭಾನುವಾರದೊಳಗೆ ಗುಂಡ್ಲುಪೇಟೆಯಲ್ಲಿ ಒಂದು ಬಾಡಿಗೆ ಮನೆ ಬೇಕು. ಅಪ್ಪ ಪುಟ್ಟಮಾದಯ್ಯ, "ನಿಮ್ಮವ್ವ ಒಪ್ಪುದ್ರೆ ನಂದೂ ಒಪ್ಗೆ" ಎಂದು ಎದ್ದು ತೋಟದ ಕೆಲಸಕ್ಕೆ ಹೋದರಂತೆ. ಅವ್ವ ದೊಡ್ಡಮಾದಮ್ಮ ಮಾತ್ರ ಷರತ್ತು ಹಾಕಿದರು. ಮನೆಯನ್ನು ತಾವು ನೋಡಬೇಕು, ತಮಗೆ ಒಪ್ಪಿಗೆಯಾಗಬೇಕು, ಆಗದಿದ್ದರೆ ಕೆಲಸವೇ ಬೇಡ.

ಆಗ ನನ್ನ ಬಾಯಿ ಸುಮ್ಮನಿರಬಾರದಿತ್ತೆ? "ಗುಂಡ್ಲುಪೇಟೆ ನಂಗೆ ಅಂಗೈ ಇದ್ದ ಹಾಗೆ. ನಾನೇ ಬಂದು ತೋರಿಸ್ತೀನಿ" ಎಂದುಬಿಟ್ಟೆ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಅಲ್ಲಿ ಹನ್ನೊಂದು ತಿಂಗಳು ಇದ್ದದ್ದು ನಿಜ. ಅದರಲ್ಲಿ ಎಂಟು ತಿಂಗಳು ಲಾಡ್ಜಿನಲ್ಲಿದ್ದೆ ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ದೊಡ್ಡಮಾದಮ್ಮನನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕಳೆ ಕೀಳುವ ಕಾಲಕ್ಕೆ ಹೊಲದಲ್ಲಿ, ಉಳಿದ ಕಾಲಕ್ಕೆ ನಗರದ ಹೊಸ ಬಡಾವಣೆಗಳಲ್ಲಿ ಗಾರೆ ಹೊರುವ ಕೆಲಸ. ಕಿಟಕಿಯಾಚೆ ಹೊಸ ಮನೆ ಕಂಡಾಗಲೆಲ್ಲ ಅವರ ಕಣ್ಣು ಅದರ ಬುಡದಿಂದ ತಾರಸಿಯವರೆಗೆ ಹೋಗಿ ಬರುತ್ತಿತ್ತು.

"ಎಷ್ಟು ಮನೆಗೆ ಗಾರೆ ಹೊತ್ತಿದ್ದೀರಕ್ಕ?" ಎಂದೆ.

"ಲೆಕ್ಕ ಯಾರು ಮಡ್ಗಿದ್ದಾರು ಸೋಮೇಸಣ್ಣ? ನಿಮ್ ನಗರದಲ್ಲಿ ಅರ್ಧ ನಾನೇ ಕಟ್ಟಿವ್ನಿ ಅಂದ್ಕಳಿ."

"ಹಾಗಾದ್ರೆ ಗೃಹಪ್ರವೇಶದ ಊಟ ಚೆನ್ನಾಗೇ ಆಗಿರಬೇಕು."

"ಆಗದೆ ಏನು? ಎಲ್ಲಾರೂ ಕರೀತಾರೆ. ಸಾಮಿಯಾನ ಆಕಿರ್ತಾರಲ್ಲ, ಅದ್ರೊಳೀಕೆ."

ನಾನು ನಕ್ಕೆ. ಅವರು ನಗಲಿಲ್ಲ. ಗಾಳಿಗೆ ನನ್ನ ನಗು ಕೇಳಿಸಿರಲಾರದು ಎಂದುಕೊಂಡೆ.

ಗುಂಡ್ಲುಪೇಟೆಯಲ್ಲಿ ಇಳಿದಾಗ ನನ್ನ ಅಂಗೈ ಬದಲಾಗಿ ಹೋಗಿತ್ತು. ಹೆದ್ದಾರಿಯ ಉದ್ದಕ್ಕೂ ಕೇರಳದ ಕಾರುಗಳು, ಮಲಯಾಳದ ಬೋರ್ಡುಗಳು, ಬಾಳೆಕಾಯಿ ಚಿಪ್ಸಿನ ಅಂಗಡಿಗಳು. ನಾನಿದ್ದ ಲಾಡ್ಜು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಆದರೂ ಎಲ್ಲ ಗೊತ್ತಿರುವವನಂತೆ ಮುಂದೆ ಮುಂದೆ ನಡೆದೆ. ಎರಡು ಸಲ ಅದೇ ಹೂವಿನ ಅಂಗಡಿಯ ಮುಂದೆ ಹಾದಾಗ ಶಿವರಂಜಿನಿ, "ಸಾರ್, ಈ ಅಂಗ್ಡಿಯೋರು ನಿಮ್ಗೆ ತುಂಬಾ ಬೇಕಾದೋರಾ?" ಎಂದಳು. ಆಮೇಲೆ ಅವಳೇ ದಾರಿ ಕೇಳತೊಡಗಿದಳು.

ಮೊದಲ ಮನೆ ನಿವೃತ್ತರೊಬ್ಬರದು. ಜಗುಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನನ್ನ ಹೆಸರು, ಊರು, ತಂದೆಯ ಹೆಸರು ಎಲ್ಲ ವಿಚಾರಿಸಿ ಕುರ್ಚಿ ಕೊಟ್ಟರು. ಮತ್ತೆ ಹುಡುಗಿಯ ಕಡೆ ತಿರುಗಿ, "ಉಮ್ಮತ್ತೂರಾ? ಉಮ್ಮತ್ತೂರಲ್ಲಿ ಯಾವ ಬೀದಿ?" ಎಂದರು. ಅವಳು ಹೇಳಿದಳು. ಆ ವಯಸ್ಸಿನಲ್ಲೂ ಬೇರೆ ತಾಲ್ಲೂಕಿನ ಹಳ್ಳಿಯ ಬೀದಿಗಳ ಬಗ್ಗೆ ಅಷ್ಟು ಆಸಕ್ತಿ ಇರುವುದು ನನಗೆ ಮೆಚ್ಚುಗೆಯಾಯಿತು.

ದೊಡ್ಡಮಾದಮ್ಮ ಕಂಬವನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿದರು. ಆಮೇಲೆ, "ಸ್ವಾಮಿ, ವಸಿ ನೀರು ಕೊಡ್ತೀರಾ?" ಎಂದರು.

ಯಜಮಾನರು ಒಳಗೆ ಹೋಗಿ ಅಂಗಡಿಯಲ್ಲಿ ಸಿಗುವಂಥ ಮುಚ್ಚಳ ಒಡೆಯದ ಬಾಟಲಿಯೊಂದನ್ನು ತಂದು ಕಟ್ಟೆಯ ಮೇಲಿಟ್ಟರು. "ಬಾಟ್ಲು ವಾಪಸ್ ಬೇಡ, ನೀವೇ ಇಟ್ಕಳಿ" ಎಂದರು. ಎಂಥ ಧಾರಾಳ! ಮನೆ ಕೊಡುವ ವಿಷಯಕ್ಕೆ ಬಂದಾಗ ಮಾತ್ರ, "ಆಷಾಢ ಕಳೀಲಿ, ನೋಡೋಣ" ಎಂದರು. ಆಷಾಢಕ್ಕೆ ಇನ್ನೂ ಮೂರು ವಾರವಿತ್ತು. ಬಹಳ ಮುಂದಾಲೋಚನೆಯ ಮನುಷ್ಯ ಎಂದುಕೊಂಡೆ.

ಎರಡನೆಯದು ಚಂದ್ರಕುಮಾರ್ ಎಂಬ ಗುತ್ತಿಗೆದಾರರದು. ಮನೆಯೆಂದರೆ ಅದು. ಟೈಲ್ಸ್ ನೆಲ, ದೊಡ್ಡ ಕಿಟಕಿ, ನಲ್ಲಿ ತಿರುಗಿಸಿದರೆ ಬಿಸಿನೀರು. ಜೀಪು ನಿಲ್ಲುವ ಜಾಗಕ್ಕೆ ನಾಲ್ಕು ನಿಮಿಷದ ನಡಿಗೆ. ಶಿವರಂಜಿನಿ ಕಿಟಕಿಯ ಹತ್ತಿರ ನಿಂತು ಮಂಚ ಎಲ್ಲಿಡಬೇಕೆಂದು ಆಗಲೇ ಯೋಚಿಸುತ್ತಿದ್ದಳು. ಇವರೂ ಬೀದಿ ಕೇಳಿದರು, ಆದರೆ ಆಷಾಢದ ಮಾತೆತ್ತಲಿಲ್ಲ. "ನನ್ನದೇನೂ ಅಭ್ಯಂತರ ಇಲ್ಲ. ಹಿಂದ್ಗಡೆ ಬೇರೆ ಗೇಟಿದೆ, ಅದನ್ನೇ ಬಳಸ್ಕಳಿ. ನಿಮ್ಗೂ ಪ್ರೈವೆಸಿ" ಎಂದರು. ಬಾಡಿಗೆದಾರರ ಪ್ರೈವೆಸಿ ಬಗ್ಗೆ ಇಷ್ಟು ಯೋಚಿಸುವ ಮಾಲೀಕರನ್ನು ನಾನು ಕಂಡಿರಲಿಲ್ಲ.

ದೊಡ್ಡಮಾದಮ್ಮ ಗೋಡೆ ತಟ್ಟಿದರು. "ಸಿಮೆಂಟು ಚೆನ್ನಾಗೇ ಆಕವ್ರೆ" ಎಂದರು. ನನಗೆ ಜೀವ ಬಂತು. ಮರುಕ್ಷಣವೇ, "ವಸಿ ನೀರು" ಎಂದರು. ಬಾಟಲಿ ಕಂಕುಳ ಚೀಲದಲ್ಲೇ ಇತ್ತು, ಮುಚ್ಚಳವನ್ನೂ ತೆಗೆದಿರಲಿಲ್ಲ. ಈ ಹೆಂಗಸಿನ ಬಾಯಾರಿಕೆಗೆ ಕಬಿನಿಯೂ ಸಾಲದು ಎಂದುಕೊಂಡೆ.

ಒಳಗಿನಿಂದ ನೀರಿನ ಜೊತೆ ಕಾಫಿಯೂ ಬಂತು. ನನಗೆ ಫಳಫಳ ಹೊಳೆಯುವ ಸ್ಟೀಲ್ ಲೋಟ, ಅವರಿಬ್ಬರಿಗೆ ನೀರಿಗೊಂದು, ಕಾಫಿಗೊಂದು ಪೇಪರ್ ಲೋಟ. ಇಷ್ಟು ದೊಡ್ಡ ಮನೆಯಲ್ಲಿ ಲೋಟಕ್ಕೆ ಬಡತನವೇ ಎಂದು ಆಶ್ಚರ್ಯಪಡುತ್ತಾ ನಾನು ಕಾಫಿ ಕುಡಿದೆ. ಚೆನ್ನಾಗಿತ್ತು.

ದೊಡ್ಡಮಾದಮ್ಮ ಪೇಪರ್ ಲೋಟಗಳನ್ನು ಒಂದರೊಳಗೊಂದು ಸೇರಿಸಿ, ಮುದುರಿ, ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು. "ಬತ್ತೀವಿ ಸ್ವಾಮಿ."

ಬೀದಿಯ ತಿರುವಿನಲ್ಲಿ ಅವ್ವ ಮಗಳಿಗೆ ಜಗಳವಾಯಿತು. ನಾನು ದೂರ ನಿಂತೆ, ಆದರೆ ಕೇಳಿಸದಷ್ಟು ದೂರವಲ್ಲ.

"ನೋಡ್ದಲ್ಲಮ್ಮಿ. ಈ ಮನೆ ಬ್ಯಾಡ."

"ನೋಡ್ದೆ ಕಣವ್ವ. ನಂಗೇನು ಕಣ್ಣಿಲ್ವಾ? ಆದ್ರೆ ಸೋಮ್ವಾರ ನಾನೆಲ್ಲಿ ನಿಂತ್ಕೊಳ್ಳನ? ಕೆಲ್ಸ ಹೋದ್ರೆ ನೀನ್ ಕೊಡ್ಸೀಯಾ?"

"ದಿನಾ ಮೈ ಮುದುರಿ ಇಡಿ ಮಾಡ್ಕಂಡು ಇರೂಕಾದದಾ ನಿಂಗೆ?"

"ಇರ್ತೀನಿ. ಆಫೀಸ್ನಲ್ಲೇ ಇರೋದು ನಾನು. ಮನೇಲಿ ಮಲಗೋದಷ್ಟೇ."

"ಮಲಗೋ ಜಾಗ್ದಲ್ಲೇ ಮೈ ಇಡಿ ಮಾಡ್ಕಂಡ್ರೆ ಇನ್ನೆಲ್ಲಿ ಸಡ್ಲ ಬುಟ್ಟೀಯೆ ಮಗ?"

ಹುಡುಗಿಯ ಕಣ್ಣು ತುಂಬಿಕೊಂಡಿತು. ನಾನು ಮಧ್ಯೆ ಹೋಗಿ, "ಅಕ್ಕ, ಟೈಲ್ಸ್ ಜಾರುತ್ತೆ ಅಂತ ಭಯವಾ?" ಎಂದೆ. ಇಬ್ಬರೂ ನನ್ನ ಮುಖವನ್ನೇ ನೋಡಿದರು. ನನ್ನ ಸಲಹೆಗಳು ಕೌಂಟರಿನ ಮೇಲೆ ಏಕೆ ಉಳಿಯುತ್ತವೆ ಎಂಬುದು ಆಗ ಸ್ವಲ್ಪ ಹೊಳೆಯಿತು.

ಮೂರು ಗಂಟೆಯಾಯಿತು. ಇನ್ನೆರಡು ಕಡೆ ಫೋನ್ ಮಾಡಿದೆವು. ಒಂದು ಮನೆ ಆಗಲೇ ಬಾಡಿಗೆಗೆ ಹೋಗಿತ್ತು, ಇನ್ನೊಂದರಲ್ಲಿ ಒಂಟಿ ಹುಡುಗಿಗೆ ಕೊಡುವುದಿಲ್ಲವೆಂದರು. ಊರಿಗೆ ವಾಪಸ್ ಹೋಗುವುದೆಂದರೆ ಕೆಲಸ ಬಿಟ್ಟಂತೆಯೇ. ಶಿವರಂಜಿನಿ ಕಾಲೆಳೆಯುತ್ತಾ ನಡೆಯುತ್ತಿದ್ದಳು. ಅವಳ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಪಿನ್ನು ಕೇಳಲೆಂದು ಒಂದು ಟೈಲರ್ ಅಂಗಡಿಯ ಮುಂದೆ ನಿಂತಳು. ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ 'ಮನೆ ಬಾಡಿಗೆಗಿದೆ' ಎಂದು ಬರೆದಿತ್ತು.

ಒಳಗೆ ಮೆಷಿನ್ನಿನ ಮುಂದೆ ಕೂತಿದ್ದಾಕೆ ಚಾಮುಂಡಿ. ನಲವತ್ತರ ಹೆಂಗಸು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಅವನ್ನು ತೆಗೆಯದೆಯೇ ಮಾತಾಡಿದರು. "ಮನೆನಾ? ಹಿಂದ್ಗಡೆ ಅದೆ. ಎರಡು ಕೋಣೆ, ಶೀಟು. ಮಧ್ಯಾಹ್ನ ಸೆಕೆ. ಬಚ್ಚಲು ಆಚೆ. ರಾತ್ರಿ ಹತ್ತರ ತನಕ ಈ ಮೆಷಿನ್ನು ಕಟಕಟ ಅಂತದೆ. ಇಷ್ಟ ಆದ್ರೆ ಇರಿ."

ಮನೆಯ ಕೆಟ್ಟದ್ದನ್ನೆಲ್ಲ ಮಾಲೀಕರೇ ಹೇಳಿ ಮುಗಿಸಿದರೆ ನೋಡುವುದಕ್ಕೆ ಏನು ಉಳಿಯಿತು? ದೊಡ್ಡಮಾದಮ್ಮ ಹೋಗಿ ಗೋಡೆ ತಟ್ಟಿ ಬಂದರು. "ಮರಳು ಜಾಸ್ತಿ, ಸಿಮೆಂಟು ಕಮ್ಮಿ" ಎಂದರು.

"ನಂಗೊತ್ತಿಲ್ವಾ? ಕಟ್ಸಿದ್ದು ನಮ್ಮಾವ. ಅಂಗಿಗೆ ಒಂದು ಗುಂಡಿ ಆಕೂಕೂ ಜುಗ್ಗ," ಎಂದರು ಚಾಮುಂಡಿ. "ಯಾವೂರು ನಿಮ್ದು?"

"ಉಮ್ಮತ್ತೂರು ಕಣವ್ವ," ಎಂದ ದೊಡ್ಡಮಾದಮ್ಮ, ಯಾರೂ ಕೇಳದಿದ್ದರೂ ತಮ್ಮ ಬೀದಿಯ ಹೆಸರನ್ನೂ ತಾವೇ ಹೇಳಿದರು. ಹೇಳಿ ಒಂದು ಕ್ಷಣ ಬಿಟ್ಟು, "ವಸಿ ನೀರು ಕೊಟ್ಟೀರಾ?" ಎಂದರು.

ಚಾಮುಂಡಿ ತಲೆ ಎತ್ತಲಿಲ್ಲ. "ನನ್ ಕೈಲಿ ಬ್ಲೌಸದೆ, ಮದುವೆ ಮನೆಯೋರು ಈಗ ಬತ್ತಾರೆ. ಅಡುಗೆಮನೇಲಿ ಕೊಡ ಅದೆ, ಮೇಲೆ ಲೋಟ ಅದೆ. ಬಗ್ಗುಸ್ಕಂಡು ಕುಡಿಯಕ್ಕ."

ದೊಡ್ಡಮಾದಮ್ಮ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಚ್ಚಲ ಕಡೆಯಿಂದ ಲೋಟ ತೊಳೆಯುವ ಸದ್ದು ಕೇಳಿಸಿತು. ಚಾಮುಂಡಿಯ ಕಾಲು ಮೆಷಿನ್ನಿನ ಮೇಲೆ ನಿಂತಿತು.

"ಏನಕ್ಕ ಅದು? ನಲ್ಲೀಲಿ ನೀರು ಬರಾದು ಮೂರು ದಿನಕ್ಕೊಂದು ಸಲ. ನೀನು ಕುಡ್ದ ಲೋಟ ತೊಳೀತಾ ಕೂತ್ಕಂಡ್ರೆ ಹೆಂಗೆ? ಅದ್ರಲ್ಲೇ ನಂಗೂ ಒಂದು ಲೋಟ ತತ್ತಾ, ಸೂಜಿ ಕಚ್ಕಂಡು ಬಾಯಿ ಒಣ್ಗೋಗದೆ."

ದೊಡ್ಡಮಾದಮ್ಮ ತುಂಬಿದ ಲೋಟ ಹಿಡಿದು ಬಾಗಿಲಲ್ಲಿ ನಿಂತರು. ಚಾಮುಂಡಿ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು, ಲೋಟ ಇಸಿದುಕೊಂಡು, ಕಚ್ಚಿ ಗಟಗಟ ಕುಡಿದರು. ಖಾಲಿ ಲೋಟವನ್ನು ಬಟ್ಟೆಯ ಚೂರುಗಳ ಮಧ್ಯೆ ಇಟ್ಟು ಮತ್ತೆ ಮೆಷಿನ್ ತುಳಿಯತೊಡಗಿದರು.

"ಕೂಸೆ," ಎಂದರು ದೊಡ್ಡಮಾದಮ್ಮ, "ನಿನ್ ಮಂಚ ಆ ಮೂಲೇಲಿ ಇಡಿಸ್ತದೆ ನೋಡು."

ಶಿವರಂಜಿನಿ ಶೀಟು ನೋಡಿದಳು, ಆಚೆಯ ಬಚ್ಚಲು ನೋಡಿದಳು, ಅವ್ವನ ಮುಖ ನೋಡಿದಳು. "ಟೈಲ್ಸೂ ಇಲ್ಲ, ಕಿಟಕೀನೂ ಇಲ್ಲ" ಎಂದು ಗೊಣಗಿದಳು. ಗೊಣಗುತ್ತಲೇ ಚಾಮುಂಡಿಯಿಂದ ಪಿನ್ನು ಇಸಿದುಕೊಂಡು, ಬೀಗದ ಕೈಯನ್ನೂ ಇಸಿದುಕೊಂಡಳು.

ವಾಪಸ್ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಕ್ಕ, ಟೈಲ್ಸ್ ಮನೆ ಬಿಟ್ಟು ಶೀಟಿನ ಮನೆ ಒಪ್ಪಿದ್ರಲ್ಲ, ನನಗೆ ಅರ್ಥವೇ ಆಗ್ಲಿಲ್ಲ. ಮತ್ತೆ ಆ ನೀರು..."

ದೊಡ್ಡಮಾದಮ್ಮ ಸೆರಗಿನ ಗಂಟು ಬಿಚ್ಚಿ ಮುದುರಿದ ಪೇಪರ್ ಲೋಟಗಳನ್ನು ತೋರಿಸಿದರು. "ನಮ್ ಜನ ಅಂತ ಗೊತ್ತಾದ್ಮೇಲೆ ಯಾರೂ ಬಾಯ್ಬುಟ್ಟು ಏನೂ ಯೋಳಾಕಿಲ್ಲ ಸೋಮೇಸಣ್ಣ. ಈಗಿನ ಕಾಲ ಅಂಗದೆ. ಲೋಟ ಯೋಳ್ತದೆ. ನಿಮ್ಗೆ ಸ್ಟೀಲ್ದು ಕೊಟ್ರಲ್ಲ, ನೋಡ್ನಿಲ್ವಾ?"

ನೋಡಿದ್ದೆ. ಹೊಳಪನ್ನು ನೋಡಿದ್ದೆ. ಐವತ್ತೆರಡು ವರ್ಷದಲ್ಲಿ ಎಷ್ಟು ಮನೆಯಲ್ಲಿ ನೀರು ಕುಡಿದಿದ್ದೇನೋ, ಲೋಟ ಎಂಥದೆಂದು ಒಮ್ಮೆಯೂ ಯೋಚಿಸುವ ಪ್ರಸಂಗ ಬಂದಿರಲಿಲ್ಲ. ಬಾಟಲಿಯ ಧಾರಾಳ, ಹಿಂದಿನ ಗೇಟಿನ ಪ್ರೈವೆಸಿ, ಮೂರು ವಾರ ಮುಂಚೆ ಬಂದ ಆಷಾಢ ಎಲ್ಲ ಒಂದೊಂದಾಗಿ ನೆನಪಿಗೆ ಬಂದವು. ತೆರಕಣಾಂಬಿ ದಾಟುವವರೆಗೂ ಅವನ್ನು ಬೆರಳಲ್ಲಿ ಎಣಿಸುತ್ತಾ ಕೂತೆ.

"ನಿಮ್ಮಂಗ್ಡೀಲೂ ಕೇಳಿದ್ದೆ," ಎಂದರು ದೊಡ್ಡಮಾದಮ್ಮ, ತಣ್ಣಗೆ.

"ಯಾವಾಗ?"

"ಕೂಸ ಮೊದ್ಲು ಕರ್ಕಂಬಂದಾಗ."

ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬಾಟಲಿ ಕೊಟ್ಟಿದ್ದೆನೆ? ಬೊಗಸೆಗೆ ಎತ್ತಿ ಹೊಯ್ದಿದ್ದೆನೆ? ಅವರು ಹೇಳಲಿ ಎಂದು ಕಾದೆ. ಅವರು ಸಾವಕಾಶವಾಗಿ ಗುಂಡ್ಲುಪೇಟೆಯಲ್ಲಿ ಕೊಂಡ ಬಾಳೆಕಾಯಿ ಚಿಪ್ಸೊಂದನ್ನು ಬಾಯಿಗೆ ಹಾಕಿಕೊಂಡರು.

"ನಾನೇನು ಮಾಡಿದೆ ಅಕ್ಕ?"

"ನೀವು ಮೊಬೈಲಿಂದ ತಲೇನೇ ಎತ್ನಿಲ್ಲ. 'ಕ್ಯಾನ್ ಅಲ್ಲಿದೆ, ತಗೊಳ್ಳಮ್ಮ' ಅಂದ್ರಿ. ಲೋಟ ಮಾತ್ರ ಕಮಟು ವಾಸ್ನೆ. ಅವತ್ತೂ ನಾನೇ ತೊಳ್ಕಂಡು ಕುಡ್ದೆ."

ಶಿವರಂಜಿನಿ ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದಳು. ಅಂತೂ ನಾನು ಪಾಸಾಗಿದ್ದೆ. ನನ್ನನ್ನು ಪಾಸು ಮಾಡಿಸಿದ್ದು ನನ್ನ ಸೋಮಾರಿತನ. ಇದನ್ನು ದೊಡ್ಡತನವೆಂದು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲ.

ಸೋಮವಾರ ಬೆಳಿಗ್ಗೆ ಐದೂ ಇಪ್ಪತ್ತೈದಕ್ಕೆ ಫೋನು ಬಂತು. "ಸಾರ್, ಜೀಪು ಹತ್ತಿದ್ದೀನಿ. ಅವ್ವ ಹೊಲಕ್ಕೆ ಹೋಗ್ಬುಟ್ಟದೆ, ಫೋನೆತ್ತಲ್ಲ. ನಗರಕ್ಕೆ ಬಂದ್ರೆ ಯೋಳ್ಬುಡಿ. ಚಾಮುಂಡಕ್ಕ ನಿನ್ನೆ ಅವ್ವನ್ನ ಬಯ್ತಿದ್ರು, ಬರೀ ನೀರು ಕುಡ್ದು ಹೋಯ್ತಲ್ಲ ಅಂತ. ಮುಂದಿನ್ಸಲ ಊಟ ಮಾಡ್ಕಂಡೇ ಹೋಗ್ಬೇಕಂತೆ." ಮಾತು ಮುಗಿಯುವ ಮೊದಲೇ ಸಿಗ್ನಲ್ ಹೋಯಿತು.

ಅಂದು ಅಂಗಡಿ ತೆರೆದವನು ಕಂಪ್ಯೂಟರ್ ಹಾಕುವ ಮೊದಲು ಕ್ಯಾನಿನ ಮೇಲಿನ ಲೋಟವನ್ನು ಎತ್ತಿ ಮೂಸಿ ನೋಡಿದೆ. ದೊಡ್ಡಮಾದಮ್ಮ ಹೇಳಿದ್ದು ನಿಜ. ಲೋಟ ಉಜ್ಜುವುದಕ್ಕೆ ಹುಣಸೆಹಣ್ಣು ತರಲು ಮನೆಗೆ ವಾಪಸ್ ಹೋದೆ.