ನಾನು ಉಣ್ಣದ ರೊಟ್ಟಿಗಳು

ರೈಲ್ವೆ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ತೊಂಬತ್ತೊಂದಕ್ಕೆ ಹೋಗಿ ನಿಂತಿತು. ಬೂಟು ಬಿಚ್ಚಿ ಮತ್ತೆ ಹತ್ತಿದೆ. ತೊಂಬತ್ತಾಯಿತು. ಡಾಕ್ಟರಮ್ಮ ನಗಲಿಲ್ಲ. ನನ್ನ ಮಗಳ ವಯಸ್ಸಿನ ಹುಡುಗಿ, ಕಲಬುರಗಿ ಕಡೆಯವಳು. ಸಕ್ಕರೆಯೂ ಏರಿದೆ ಎಂದು ಹೇಳಿ, ಇನ್ನು ಮೂರು ತಿಂಗಳು ಗಾಡಿ ಓಡಿಸುವಂತಿಲ್ಲ ಎಂದು ಬರೆದಳು. ಅಷ್ಟರಲ್ಲಿ ಸಕ್ಕರೆ, ತೂಕ ಎರಡೂ ಇಳಿದರೆ ಎಂಜಿನ್ನು, ಇಳಿಯದಿದ್ದರೆ ನಿವೃತ್ತಿಯವರೆಗೂ ಆಫೀಸಿನ ಕುರ್ಚಿ.

ವಾಡಿಯಲ್ಲಿ ಗೂಡ್ಸ್ ಗಾಡಿಯ ಡ್ರೈವರ್ ಆಗಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಸಿಮೆಂಟು, ಕಲ್ಲಿದ್ದಲು, ಗೊಬ್ಬರ ಎಳೆಯುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಕುರ್ಚಿ ಎಂದರೆ ನನಗೆ ಭಯ. ನಿವೃತ್ತಿಗೆ ಉಳಿದದ್ದು ಮೂರು ವರ್ಷ, ಅದನ್ನು ಎಂಜಿನ್ನಿನ ಕಿಟಕಿಯಲ್ಲೇ ಮುಗಿಸಬೇಕೆಂಬ ಒಂದೇ ಆಸೆ ಇತ್ತು.

ಕುಡಿಯುತ್ತೀರೇನು ಎಂದು ಆಕೆ ಕೇಳಿದಳು. ಹಬ್ಬಕ್ಕೋ ಮದುವೆಗೋ ಒಮ್ಮೊಮ್ಮೆ ಎಂದೆ. ಮೂವತ್ತು ವರ್ಷದಿಂದ ಡ್ಯೂಟಿ ಇಲ್ಲದ ದಿನಗಳನ್ನೆಲ್ಲ ಹಬ್ಬ ಎಂದೇ ಲೆಕ್ಕ ಹಿಡಿದವನು ನಾನು, ಹಾಗಾಗಿ ಪೂರ್ತಿ ಸುಳ್ಳೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಮ್ಮೊಮ್ಮೆಯದನ್ನೂ ಬಿಡಿ, ಸಕ್ಕರೆ ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಜೀವಕ್ಕೇ ಅಪಾಯ, ದಿನಾ ನಡೆಯಿರಿ, ಬೇಳೆ ಸೊಪ್ಪು ಬಿಡಬೇಡಿ ಎಂದಳು. ಹೌದೌದು ಎಂದು ತಲೆಯಾಡಿಸಿ ಬಂದೆ.

ನನಗೆ ಒಪ್ಪಿಗೆಯಾದ ವೈದ್ಯ ಸಿಕ್ಕಿದ್ದು ಶಹಾಬಾದಿನಲ್ಲಿ. ಅವನೂ ನನ್ನಂತೆಯೇ ಡ್ರೈವರು, ನನಗಿಂತ ಹತ್ತು ಕಿಲೋ ಜಾಸ್ತಿ. ಅವನು ಹೇಳಿದ, "ರೊಟ್ಟಿ ಬಿಡು, ಅನ್ನ ಬಿಡು. ಎಣ್ಣಿಯಾಗ ಸಕ್ರಿ ಇರಂಗಿಲ್ಲ ನೋಡು. ಎರಡು ಪೆಗ್ ಹಾಕ್ಕೊಂಡು ಉಣ್ಣಲಾರ್ದೆ ಮಲಕೋ, ತೂಕ ತಾನೇ ಇಳೀತದ." ಅವನ ಹೊಟ್ಟೆ ನನ್ನ ಕಣ್ಣೆದುರಿಗೇ ಇತ್ತು. ಆದರೂ ನಂಬಿದೆ. ನಮಗೆ ಬೇಕಾದ್ದನ್ನೇ ಹೇಳುವವನ ಹೊಟ್ಟೆಯನ್ನು ಯಾರು ನೋಡುತ್ತಾರೆ?

ಎಂಜಿನ್ ಇದ್ದಾಗ ಡ್ಯೂಟಿಗೆ ಮುಂಚೆ ಯಂತ್ರಕ್ಕೆ ಉಸಿರು ಊದಿ, ಕುಡಿದಿಲ್ಲ ಎಂದು ತೋರಿಸಬೇಕಿತ್ತು. ಆ ಹೆದರಿಕೆಯಾದರೂ ವಾರದಲ್ಲಿ ನಾಲ್ಕು ದಿನ ನನ್ನನ್ನು ಕಾಯುತ್ತಿತ್ತು. ಈಗ ಹಗಲೆಲ್ಲ ಆಫೀಸಿನಲ್ಲಿ ಕಾಗದ ಎತ್ತಿಡುವ ಕೆಲಸ, ಐದಕ್ಕೆ ಮನೆ. ಕ್ವಾರ್ಟರ್ಸಿನ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಎರಡು ಪೆಗ್ಗು ಮೂರಾದವು. ಜೊತೆಗೆ ಚೂಡಾ, ಹುರಿದ ಶೇಂಗಾ, ಸ್ಟೇಷನ್ ಮುಂದಿನ ಮಿರ್ಚಿ ಭಜಿ. ತಾಟಿನಲ್ಲಿ ಬಡಿಸಿದ್ದು ಮಾತ್ರ ಊಟ, ಪೇಪರಿನಲ್ಲಿ ಕಟ್ಟಿ ತಂದದ್ದು ಊಟವಲ್ಲ ಎಂಬುದು ನಾನೇ ಮಾಡಿಕೊಂಡ ಕಾನೂನು.

ಒಳಗೆ ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಪುಂಡಿಪಲ್ಯ, ತೊಗರಿ ಬೇಳೆ, ಎರಡು ರೊಟ್ಟಿ ಇಟ್ಟು ಕರೆಯುತ್ತಿದ್ದಳು. ಇವತ್ತು ಬೇಡ, ಡಯೆಟ್ ಇದೆ ಎನ್ನುತ್ತಿದ್ದೆ. ಮೊದಮೊದಲು ಜಗಳವಾಡಿದಳು. ಆಮೇಲೆ ಕರೆಯುವುದನ್ನೇ ಬಿಟ್ಟಳು. ನನಗೆ ನಿರಾಳವಾಯಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಎರಡು ತಿಂಗಳಾಗುವಷ್ಟರಲ್ಲಿ ಕೈಗಡಿಯಾರ ಮಣಿಕಟ್ಟಿನಲ್ಲಿ ತಿರುಗತೊಡಗಿತು. ಮೊಳೆ ಕಾಯಿಸಿ ಅದರ ಪಟ್ಟಿಗೆ ಒಳಗಡೆ ಒಂದು ತೂತು ಮಾಡಿಕೊಂಡೆ. ಅದೇ ವಾರ ಪ್ಯಾಂಟಿನ ಬೆಲ್ಟು ಸಾಲದೆ, ಅದೇ ಮೊಳೆಯಿಂದ ಹೊರಗಡೆ ಒಂದು ತೂತು ಮಾಡಿದೆ. ಗಡಿಯಾರದ್ದು ಡಯೆಟ್ಟಿನ ಫಲ, ಬೆಲ್ಟಿನದು ಗ್ಯಾಸು ಎಂದು ಹೆಂಡತಿಗೆ ವಿವರಿಸಿದೆ. ಅವಳು ಮೊಳೆ ತೆಗೆದುಕೊಂಡು ಹೋಗಿ ಜಾಗಕ್ಕಿಟ್ಟಳು. ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಲ್ಲಿ ಅರ್ಧಕ್ಕೇ ನಿಲ್ಲುವಂತಾಗಿತ್ತು. ಅದಕ್ಕೆ ಬಿಸಿಲು, ಸಿಮೆಂಟಿನ ದೂಳು ಎರಡನ್ನೂ ಬೈದುಕೊಂಡೆ.

ಮೂರು ತಿಂಗಳಿಗೆ ಮತ್ತೆ ಯಂತ್ರದ ಮೇಲೆ ನಿಂತೆ. ಎಂಬತ್ತನಾಲ್ಕು. ಅದೂ ಬೂಟು ಸಮೇತ. ಸಕ್ಕರೆಯೂ ತುಸು ಇಳಿದಿತ್ತು. ಬೆಳಿಗ್ಗೆ ಮನೆ ಬಿಡುವಾಗಲೇ ಹೆಂಡತಿಗೆ, ಇವತ್ತು ಊಟಕ್ಕೆ ಬರುತ್ತೇನೆ, ನಾಳೆಯಿಂದ ಎಂಜಿನ್ನು ಎಂದು ಹೇಳಿ ಬಂದಿದ್ದೆ.

ಡಾಕ್ಟರಮ್ಮ ಟೇಪು ತಂದು ಸೊಂಟ ಅಳೆದಳು. ಆಮೇಲೆ ಕೈಯಿಲ್ಲದ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, "ಎದಿ ಮ್ಯಾಲ ಕೈ ಕಟ್ಟಿಕೊಂಡು ಏಳ್ರಿ" ಎಂದಳು. ಇದೇನು ದೊಡ್ಡ ಪರೀಕ್ಷೆ ಎಂದು ನಗುತ್ತಾ ಮುಂದೆ ಬಾಗಿದೆ. ತೊಡೆ ನಡುಗಿತು. ಅರ್ಧ ಎದ್ದು ಹಾಗೇ ಕುಸಿದೆ. ಇನ್ನೊಮ್ಮೆ ಪ್ರಯತ್ನಿಸಿದಾಗ ಅವಳೇ ತೋಳು ಹಿಡಿದುಕೊಂಡಳು. ಎಂಜಿನ್ನಿನ ಏಣಿ ನೆಟ್ಟಗೆ ನಿಂತಿರುತ್ತದೆ, ಮೊದಲ ಮೆಟ್ಟಿಲೇ ಮೊಣಕಾಲೆತ್ತರ. ಆ ಏಣಿ ನನ್ನ ಕಣ್ಣ ಮುಂದೆ ಬಂತು.

ಕುಡಿತದ ಮಾತನ್ನು ಆಕೆ ಎರಡನೇ ಸಲ ಕೇಳಿದಳು. ಈ ಸಲ ಎಲ್ಲ ಹೇಳಿದೆ. ಬೇವಿನ ಗಿಡ, ಮೂರು ಪೆಗ್ಗು, ಭಜಿ, ಬಿಟ್ಟ ರೊಟ್ಟಿ, ಏನನ್ನೂ ಮುಚ್ಚಿಡಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಮದ್ಯದಲ್ಲಿ ಸಕ್ಕರೆ ಇಲ್ಲದಿದ್ದರೂ ಹೆಚ್ಚುಕಡಿಮೆ ಕೊಬ್ಬಿನಲ್ಲಿರುವಷ್ಟೇ ಕ್ಯಾಲೊರಿ ಇರುತ್ತದಂತೆ, ಆದರೆ ಮಾಂಸಖಂಡ ಕಟ್ಟುವಂಥದ್ದು ಅದರಲ್ಲಿ ಏನೂ ಇಲ್ಲವಂತೆ. ಮೈ ಮೊದಲು ಅದನ್ನು ಉರಿಸುತ್ತಾ ಕೂಡುತ್ತದೆ, ಭಜಿಯ ಎಣ್ಣೆ ಹೊಟ್ಟೆಯಲ್ಲಿ ಜಮೆಯಾಗುತ್ತದೆ. ಬೇಳೆ ರೊಟ್ಟಿ ಸಿಗದೆ ಹೋದಾಗ ಮೈ ತನ್ನದೇ ಮಾಂಸ ತಿನ್ನುತ್ತದೆ.

"ತೂಕ ಇಳಿದದ ಖರೆ" ಎಂದಳು. "ಆದ್ರ ಹೊಟ್ಟಿ ಇಳಿದಿಲ್ರಿ, ಕಾಲು ಇಳಿದಾವ. ಎಂಜಿನ್ ಹತ್ತೋದು ಕಾಲಿಂದ ಅಲ್ಲೇನ್ರಿ?"

ಅನ್‌ಫಿಟ್ ಎಂದು ಬರೆಯುವಾಗ ಅವಳ ಮುಖವೂ ಚಿಕ್ಕದಾಗಿತ್ತು.

ಮನೆಗೆ ಬಂದು ಗೋಡೆಗೊರಗಿ ನೆಲಕ್ಕೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ನನಗೆ ಮಾತ್ರ ಅಳು ಬಂತು. ನನಗೆ ಬಡಿಸಿದ್ದ ತಾಟಿನಿಂದ ಬಿಸಿ ರೊಟ್ಟಿ ತೆಗೆದು ತನ್ನ ತಾಟಿಗೆ ಹಾಕಿಕೊಂಡು, ಅಡುಗೆಮನೆಯ ಅಟ್ಟದಿಂದ ಬಟ್ಟೆ ಮುಚ್ಚಿದ ಎರಡು ದೊಡ್ಡ ಬುಟ್ಟಿ ಇಳಿಸಿದಳು. ಬಟ್ಟೆ ಸರಿಸಿದರೆ ಅಂಚಿನ ತನಕ ಖಡಕ್ ರೊಟ್ಟಿ. ಜೋಳದ ರೊಟ್ಟಿಯನ್ನು ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ನಮ್ಮ ಕಡೆ ಯಾರೂ ರೊಟ್ಟಿ ಎಸೆಯುವುದಿಲ್ಲ. ಇದೆಲ್ಲ ಯಾವಾಗ ಮಾಡಿದಿ ಎಂದು ಕೇಳಿದೆ.

"ಇವು ನಿಮ್ಮವೇ ರೀ. ದಿನಾ ಮಾಡಿದ್ದು, ನೀವು ಉಣ್ಣಲಾರ್ದೆ ಬಿಟ್ಟಿದ್ದು."

ಉಣ್ಣುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ಮಾಡಿದಿ ಎಂದೆ. ಅವಳು ಬುಟ್ಟಿಯೊಳಗೇ ನೋಡುತ್ತಾ ಹೇಳಿದಳು, "ಮಾಡೋದು ಬಿಟ್ಟಿದ್ರ, ನೀವು ಹಿಂಗೇ ಹೋಗ್ತೀರಿ ಅಂತ ನಾನೂ ಒಪ್ಪಿಕೊಂಡಂಗ ಆಗ್ತಿತ್ತು."

ಆವತ್ತಿನಿಂದ ಬಾಟಲಿ ಮುಟ್ಟಿಲ್ಲ. ಮೊದಲ ವಾರ ಕೈ ನಡುಗಿ, ನಿದ್ದೆ ಹಾರಿ, ಮತ್ತೆ ಅದೇ ಡಾಕ್ಟರಮ್ಮನ ಹತ್ತಿರ ಹೋಗಬೇಕಾಯಿತು. ಎಂಜಿನ್ನು ಸಿಗಲಿಲ್ಲ, ಸಿಗುವುದೂ ಇಲ್ಲ. ನಿವೃತ್ತಿಯವರೆಗೂ ಅದೇ ಕುರ್ಚಿ, ಅದೇ ಕಾಗದ. ಗೂಡ್ಸ್ ಗಾಡಿ ಹೋಗುವಾಗ ಮೇಜು ನಡುಗುತ್ತದೆ, ನಾನು ಕಿಟಕಿ ಕಡೆ ನೋಡುವುದಿಲ್ಲ. ಸಂಜೆ ಸ್ಟೂಲಿನ ಮೇಲೆ ಕೂತು ಕೈ ಕಟ್ಟಿ ಏಳುವುದನ್ನು ಅಭ್ಯಾಸ ಮಾಡುತ್ತೇನೆ. ನಿನ್ನೆ ಆರು ಸಲ ಎದ್ದೆ.

ಆಮೇಲೆ ಊಟ. ಒಂದು ಬುಟ್ಟಿ ಮುಗಿದಿದೆ, ಎರಡನೆಯದು ಅರ್ಧಕ್ಕೆ ಬಂದಿದೆ. ದಿನಕ್ಕೆರಡು ಖಡಕ್ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿಕೊಂಡು ತಿನ್ನುತ್ತೇನೆ. ನೆನೆಸಿದರೂ ಹಲ್ಲಿಗೆ ತ್ರಾಸು. ಪಕ್ಕದಲ್ಲಿ ಅವಳು ಬಿಸಿ ರೊಟ್ಟಿ ಬಡಿದುಕೊಂಡು ಉಣ್ಣುತ್ತಾಳೆ, ತನಗೆ ಬೇಕಾದಷ್ಟು ಮಾತ್ರ. ಬುಟ್ಟಿ ಖಾಲಿಯಾಗುವ ತನಕ ನನಗೆ ಬಿಸಿ ರೊಟ್ಟಿ ಇಲ್ಲವಂತೆ. ಕೇಳುವ ಮುಖ ನನಗೂ ಇಲ್ಲ.