ಕಾಲುವೆಯ ನಕ್ಷೆ ಮಾಡಿದ ಮೇಷ್ಟ್ರು

ಮೊಬೈಲು ನೋಡುವಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಕನ್ನಡಕವನ್ನು ತಲೆಯ ಮೇಲೇರಿಸಿ, ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. ಹಣೆಯ ವಿಭೂತಿ ಅದರ ಮೇಲೆ ಉದುರುತ್ತಿತ್ತು. ಧೋತರದ ಚುಂಗಿನಿಂದ ಒರೆಸುವುದು, ಮತ್ತೆ ಹಿಡಿಯುವುದು, ಮತ್ತೆ ಉದುರುವುದು. ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಕುರುಗೋಡಿನಿಂದ ಅವರು ಬಸ್ಸಿಳಿದು ಬರುವುದು ಕಂಡರೆ ಸಾಕು, 'ಬಂತಪ್ಪಾ ಕಾಲುವೆ' ಎಂದು ಗೊಣಗಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಕೈ ಹಿಡಿದು ಗೆರೆ ಎಳೆಸಿದವರು, ಆಗುವುದಿಲ್ಲ ಅನ್ನುವಂತಿರಲಿಲ್ಲ.

ಅವರ ಮಗ ಬಳ್ಳಾರಿಯ ಕಾಲೇಜಿನಿಂದ ರಜೆಗೆ ಬಂದವನು ಕಾಲುವೆಯಲ್ಲಿ ಜಾರಿದ್ದ. ನೀರು ಎಲ್ಲಿಗೆ ಒಯ್ದಿತೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲೆಲ್ಲೋ ಹುಡುಕಿ, ಕೊನೆಗೆ ಸಿಕ್ಕಾಗ ಮುಖ ತೋರಿಸುವ ಹಾಗಿರಲಿಲ್ಲ. ಬಟ್ಟೆ ಸುತ್ತಿಯೇ ಮಣ್ಣು ಮಾಡಿದರು. ಮೇಷ್ಟ್ರ ಹೆಂಡತಿ ಕೇಳಿದ್ದು ಒಂದೇ ಮಾತು: "ಮುಖ ನೋಡ್ಲಾರ್ದ ನನ್ ಮಗಾ ಅಂತ ಹ್ಯಾಂಗ್ ನಂಬ್ಲಿ?"

ಆಮೇಲೆ ಮೇಷ್ಟ್ರು ಕಾಲುವೆ ಹಿಡಿದು ನಡೆದರು. ಸೇತುವೆ, ತೂಬು, ತೇಲಿ ಬಂದದ್ದನ್ನು ತಡೆದು ನಿಲ್ಲಿಸುವ ಕಬ್ಬಿಣದ ಜಾಲರಿ, ಎಲ್ಲವನ್ನೂ ಹಳೆಯ ನಕ್ಷೆಯ ಹಾಳೆಗಳ ಮೇಲೆ ಗುರುತು ಮಾಡಿದರು. ಅದನ್ನು ಮೊಬೈಲಿಗೆ ಹಾಕುವುದು ನನ್ನ ಪಾಲಿಗೆ ಬಂತು. ಫೋಟೊ ಹೊಡೆದು, ಸೊಟ್ಟ ಅಂಚು ನೆಟ್ಟಗೆ ಮಾಡಿ, ಪೂರ್ತಿ ನಕ್ಷೆಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. ತುಂಡು ಮಾಡಿದೆ. ಅದೂ ಅವರಿಗೆ ಸರಿಹೋಗಲಿಲ್ಲ.

"ಸೇತುವಿಗೆ ಕತ್ತರಸ್ಲೇ. ಒಂದು ಚಿತ್ರ ಮುಗಿಯೋ ಸೇತುವಿಯಿಂದನ ಮುಂದಿಂದು ಸುರುವಾಗ್ಬೇಕು. ಅಕ್ಷರ ದಪ್ಪ ಇರ್ಲಿ."

"ನೆಟ್‌ನಾಗ ಮ್ಯಾಪ್ ಐತಲ್ರೀ ಸರ್!"

"ಹೊಲದಾಗ ನಿನ್ ನೆಟ್ ಎಲ್ಲೈತಲೇ? ಅಳೋರ ಕೈಯಾಗ ಫೋನ್ ನಡುಗ್ತಿರ್ತೈತಿ. ಅವರಿಗೆ ಓದಾಕ ಬರ್ಬೇಕು."

ಸೇತುವೆಯಿಂದ ಸೇತುವೆಗೆ ಕತ್ತರಿಸಿದೆ. ಚಹಾದಂಗಡಿಯವರು, ಟ್ರ್ಯಾಕ್ಟರ್ ಹೊಡೆಯುವವರು, ಕಾಲುವೆ ಪಕ್ಕದ ಹೊಲದವರು, ಎಲ್ಲರ ಫೋನಿಗೂ ಮೇಷ್ಟ್ರು ಅವರವರ ಊರಿನ ತುಂಡು ಹಾಕಿಸಿದರು. ನಮ್ಮೂರು ಕರೂರಿನದು ನನ್ನ ಫೋನಿನಲ್ಲೇ ಉಳಿಯಿತು, ಅಳಿಸಲು ಸೋಮಾರಿತನ.

ಒಂದು ದಿನ ಭತ್ತಕ್ಕೆ ಔಷಧಿ ಹೊಡೆದು, ಕೈ ತೊಳೆಯಲು ಕಾಲುವೆಗಿಳಿದ ನನ್ನ ತಮ್ಮ ಮೇಲೆ ಬರಲಿಲ್ಲ. ಊರವರು ಅವನು ಜಾರಿದ ಕಡೆಯೇ ಹಗ್ಗ ಬಿಟ್ಟು ಹುಡುಕುತ್ತಿದ್ದರು. ಸಿಗ್ನಲ್ ಇಲ್ಲ. ಆ ಚಿತ್ರ ತೆರೆದೆ. ಕೈ ನಡುಗುತ್ತಿತ್ತು, ಆದರೂ ಓದಲು ಬಂತು. ಮುಂದಿನ ಸೇತುವೆ ದಾಟಿದರೆ ಜಾಲರಿ. ಬೈಕ್ ಓಡಿಸಿದೆವು. ತಮ್ಮ ಅಲ್ಲಿದ್ದ. ಜೀವ ಇರಲಿಲ್ಲ. ಹೊತ್ತು ಮುಳುಗುವ ಮುಂಚೆ ಮನೆಗೆ ತಂದೆವು. ಅವ್ವ ಅವನ ಕೆನ್ನೆ ಸವರಿದಳು, ಕೂದಲು ಬಾಚಿದಳು.

ಸುದ್ದಿ ತಿಳಿದು ಮೇಷ್ಟ್ರು ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. "ಮುಖ ನೋಡಿದ್ಯೇನವ್ವಾ?" ಎಂದರು. ಅವ್ವ ಹೂಂ ಎಂದಳು. ಆಗ ಮೇಷ್ಟ್ರು ಗೋಳೋ ಎಂದು ಅತ್ತರು. ಆ ಋಣ ನಾನು ತೀರಿಸುವಂಥದ್ದಲ್ಲ.

ಹೋದ ಬೇಸಿಗೆಯಲ್ಲಿ ಮೇಷ್ಟ್ರು ತೀರಿಕೊಂಡರು. ತಮ್ಮ ಹೋದಾಗಿನಿಂದ ಹೊಸ್ತಿಲು ದಾಟದ ಅವ್ವ ಸೆರಗು ಹೊದ್ದು ಹೊರಟು ನಿಂತಳು.

"ಬಸ್ ಬದಲಿ ಮಾಡಿ ಹೋಗ್ಬೇಕಬೇ. ನಿನ್ ಕೈಲೆ ಆಗಾಂಗಿಲ್ಲ" ಎಂದು ಗದರಿದೆ.

"ನನ್ ಮಗನ ಮುಖ ತೋರಿಸಿದೋರು ಅವರು. ಅವರ ಮುಖ ನೋಡ್ಲಾರ್ದ ನಾ ಹ್ಯಾಂಗ್ ಇರ್ಲೋ?"

ಕುರುಗೋಡಿನ ಮನೆಯಲ್ಲಿ ಮೇಷ್ಟ್ರನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಅವ್ವ ಬಾಗಿಲಲ್ಲೇ ನಿಂತಳು. ಮೇಷ್ಟ್ರ ಹೆಂಡತಿ ತಲೆಯೆತ್ತಿ ನೋಡಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಬಾರವ್ವಾ, ಇಲ್ಲಿ ಕುಂದ್ರು" ಎಂದರು. "ನೋಡು, ಕಣ್ತುಂಬ ನೋಡು."