ಡಬ್ಬಗಳ ಕೆಳಗೆ ಸಿಕ್ಕ ಶನಿಯ ನಕ್ಷೆ

1987ರಲ್ಲಿ ನಾನು ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸೈಂಟಿಫಿಕ್ ಅಸಿಸ್ಟೆಂಟ್. ಶನಿಗ್ರಹದ ಪಕ್ಕ ಹಾದುಹೋದ ನೌಕೆಯೊಂದು ಅಳೆದ ಪ್ಲಾಸ್ಮಾ ತರಂಗಗಳ ಅಂಕಿಗಳು ವಿದೇಶದಿಂದ ಟೇಪಿನಲ್ಲಿ ಬರುತ್ತಿದ್ದವು. ಅವನ್ನು ನಕ್ಷೆಯಾಗಿ ಪ್ರಿಂಟ್ ಮಾಡಿಸುವುದು ನನ್ನ ಕೆಲಸ. ಪ್ಲಾಸ್ಮಾ ಎಂದರೆ ವಿದ್ಯುದಾವೇಶದ ಕಣಗಳಾಗಿ ಒಡೆದ ಅನಿಲ. ಅದರ ಕಂಪನ ನೌಕೆಯ ಆಂಟೆನಾಕ್ಕೆ ತಿಳಿಯುತ್ತದೆ.

ಧಾರವಾಡ ಕಡೆಯ ಸರೋಜಾ ಈ ಅಂಕಿಗಳ ಮೇಲೆ ನಾಲ್ಕು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ನೌಕೆ ಶನಿಯ ಹಿಮ ಮುಚ್ಚಿದ ಒಂದು ಚಂದ್ರನನ್ನು ಸಮೀಪಿಸಿದಾಗ ಒಂದೇ ಆವರ್ತನದಲ್ಲಿ ದಪ್ಪ ಗೆರೆ ಎದ್ದಿತ್ತು. ಅದು ಆ ಚಂದ್ರನಿಂದಲೇ ಹುಟ್ಟಿದ ತರಂಗ ಎಂಬುದು ಅವಳ ಪ್ರಬಂಧದ ಜೀವಾಳ.

ಚಂದ್ರನಿಂದ ದೂರವಿದ್ದ ದಿನಗಳ ನಕ್ಷೆಗಳು ಯಾರಿಗೂ ಬೇಡವೆಂದೇ ನನ್ನ ಎಣಿಕೆ. ಟೇಪುಗಳಿಗೆ ಆಗ ಬರ. ಆ ದಿನಗಳ ಟೇಪನ್ನೂ ಅಳಿಸಿ ಬೇರೆ ಕೆಲಸಕ್ಕೆ ಕೊಟ್ಟಾಗಿತ್ತು. ಬೇಡದ ಪ್ರಿಂಟ್‌ಔಟುಗಳನ್ನು ನಾವೆಲ್ಲ ಮನೆಗೆ ಒಯ್ಯುತ್ತಿದ್ದೆವು. ಅಡುಗೆಮನೆಯ ಹಲಗೆಗೆ ಹಾಸಲು ಅಷ್ಟುದ್ದದ ಕಾಗದ ಇನ್ನೆಲ್ಲಿ ಸಿಗಬೇಕು! ಆ ದಿನಗಳ ನಕ್ಷೆಗಳ ಕಟ್ಟು ಉಪನಗರ ಜೋಗೇಶ್ವರಿಯ ನನ್ನ ಮನೆ ಸೇರಿತು.

ಸರೋಜಾಳ ಪ್ರಬಂಧ ಪರೀಕ್ಷಕರಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ಕಾಫಿಪುಡಿ ಡಬ್ಬ ಎತ್ತಿದೆ. ಕೆಳಗೆ ಹಾಸಿದ್ದ ಹಾಳೆಯಲ್ಲಿ ಅದೇ ಗೆರೆ, ಅದೇ ಆವರ್ತನ. ಉಳಿದ ಡಬ್ಬಗಳನ್ನೂ ಇಳಿಸಿದೆ.

"ಏನ್ರೀ ಇದು? ಲೋಕಲ್ ತಪ್ಪಿಹೋಗತ್ತೆ!" ಎಂದು ಹೆಂಡತಿ ರೇಗಿದಳು.

ಚಂದ್ರ ಇನ್ನೂ ಎಷ್ಟೋ ದೂರವಿದ್ದ ದಿನಗಳಲ್ಲೂ ಗೆರೆ ಹಾಗೇ ಇತ್ತು. ಅಂದರೆ ಅದು ಚಂದ್ರನದಲ್ಲ, ನೌಕೆಯೊಳಗಿನ ಯಾವುದೋ ಉಪಕರಣದ ಗಲಾಟೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಎಣ್ಣೆ ಜಿಡ್ಡಿನ ಆ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಎರಡು ಲೋಕಲ್ ರೈಲು ಬಿಟ್ಟೆ. ಮೂರನೆಯದನ್ನು ಹತ್ತಿದೆ.

ಸರೋಜಾ ತನ್ನ ನಕ್ಷೆಯ ಮೇಲೆ ನನ್ನ ಹಾಳೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಗೆರೆಯ ಮೇಲೆ ಗೆರೆ ಕೂತಿತು. ಹಾಳೆ ಕೆಳಗಿಟ್ಟು ನನ್ನತ್ತ ತಿರುಗಿದಳು.

"ಈ ಹಾಳಿ ಕೇಳಾಕ ಹ್ವಾದ ವರ್ಷ ನಿಮ್ಮ ಹತ್ರ ಬಂದಿದ್ನಲ್ರಿ ಸರ್. ಅದ್ರಾಗ ಏನೂ ಇಲ್ಲ ಅಂದ್ರಿ ನೀವು."

ಅಂದಿದ್ದೆ. ಮುಠ್ಠಾಳ, ಒಂದನ್ನೂ ಬಿಡಿಸಿ ನೋಡದೆ ಅಂದಿದ್ದೆ!

ಅವಳು ಅಂದೇ ಪ್ರಬಂಧ ವಾಪಸು ಪಡೆದಳು. ಫೆಲೋಶಿಪ್ ಆ ತಿಂಗಳಿಗೆ ಮುಗಿಯಿತು. ಆಮೇಲೆ ವಿಕ್ರೋಳಿಯ ಒಂದು ಶಾಲೆಯಲ್ಲಿ ಟೀಚರಾಗಿ ಸೇರಿದಳು. ಸಂಶೋಧನೆಗೆ ಮರಳಲೇ ಇಲ್ಲ. ನನ್ನ ನೌಕರಿಗೆ ಮಾತ್ರ ಏನೂ ಆಗಲಿಲ್ಲ, ಮುಂದೆ ಬಡ್ತಿಯೂ ಬಂತು.

ನಿವೃತ್ತಿಯ ತನಕ ಯಾವ ನೌಕೆಯ ಅಂಕಿ ಬಂದರೂ ಚಂದ್ರ ಸಮೀಪವಿಲ್ಲದ ಗಂಟೆಗಳ ನಕ್ಷೆಗಳನ್ನೇ ನಾನು ಮೊದಲು ನೋಡುತ್ತಿದ್ದೆ. ಹೊಸಬರಿಗೂ ಅದನ್ನೇ ಹೇಳಿಕೊಟ್ಟೆ. ಎಲ್ಲರೂ ನನ್ನನ್ನು ಬಹಳ ಎಚ್ಚರಿಕೆಯ ಮನುಷ್ಯ ಎನ್ನುತ್ತಿದ್ದರು. ಆ ಎಚ್ಚರ ಯಾರ ನಾಲ್ಕು ವರ್ಷ ನುಂಗಿ ಬಂದದ್ದೆಂದು ನಾನು ಒಬ್ಬರಿಗೂ ಹೇಳಲಿಲ್ಲ.